ಹಾಡಿನ ನಡುವೆ ಅಪ್ಪ

ಹೊಲಿಗೆ ಅಂಗಡಿಯ ಬಾಗಿಲು ಮುಂದೆ ಮಾಡಿ ಅಕ್ಕ ತಂಗಿ ಮೊಬೈಲಿನ ಮುಂದೆ ಕೂತರು. ಚಿಕ್ಕಂದಿನಲ್ಲಿ ಸವೆಯುವಷ್ಟು ಕೇಳಿದ್ದ ಪಾಪ್ ಹಾಡುಗಳ ಕ್ಯಾಸೆಟ್ಟು ಎಂದೋ ಕಳೆದುಹೋಗಿತ್ತು. ಅದೇ ಆಲ್ಬಮ್ಮನ್ನು ತಂಗಿ ಈಗ ಹುಡುಕಿ ತೆಗೆದಿದ್ದಳು.

ಮೂರನೇ ಹಾಡು ಬಂತು. ಹಿಂದೊಮ್ಮೆ, ತಾನು ದುಡಿಯುತ್ತಿದ್ದ ಹತ್ತಿ ಗಿರಣಿಯ ಗೇಟಿನ ಮುಂದೆ ಮಾಡಬೇಕಿದ್ದ ಭಾಷಣವನ್ನು ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡುವಾಗ ಅಪ್ಪ ತಪ್ಪು ಕ್ಯಾಸೆಟ್ಟು ಹಾಕಿ, ಈ ಪ್ರೇಮಗೀತೆಯ ನಟ್ಟನಡುವೆ ತನ್ನ ದನಿ ತುಂಬಿಬಿಟ್ಟಿದ್ದ. ತೀರಿಹೋದ ಅಪ್ಪನ ದನಿ ಇದ್ದದ್ದು ಅಲ್ಲೊಂದೇ ಕಡೆ. ಮೊಬೈಲಿನಲ್ಲಿ ಅದು ಇರುವುದಿಲ್ಲವೆಂದು ಗೊತ್ತಿದ್ದೂ ತಂಗಿಯ ಕಿವಿ ಕಾಯುತ್ತಿತ್ತು.

ಆ ಜಾಗದಲ್ಲಿ ಗಾಯಕ ಬೆಳದಿಂಗಳ ಬಗ್ಗೆ ಕೊರೆಯುತ್ತಲೇ ಹೋದ. ತಂಗಿಯ ಕಣ್ಣು ತುಂಬಿತು.

"ಥೂ, ಇವನ್ಯಾರೇ ಮಧ್ಯೆ ಬಾಯಿ ಹಾಕೋನು?" ಎಂದ ಅಕ್ಕ, ಹಾಡನ್ನು ಹಿಂದಕ್ಕೆ ಸರಿಸಿ, ಅಪ್ಪನ ಗತ್ತಿನಲ್ಲೇ ಮುಷ್ಟಿ ಎತ್ತಿ ಕೂಗಿದಳು: "ನಾವೇನು ಯಂತ್ರಗಳಾ? ಉಸಿರಾಡೋಕೆ ಬಿಡ್ರಯ್ಯಾ!"

"ಕೊನೆಗೊಂದು ಕೆಮ್ಮಿತ್ತಲ್ಲೇ," ಎಂದು ತಂಗಿ ಕೆಮ್ಮಿದಳು.

"ಅಷ್ಟು ಸಪ್ಪೆ ಇರ್ಲಿಲ್ಲ. ಹತ್ತಿ ದೂಳು ಕುಡಿದ ಎದೆ ಕಣೇ ಅದು!"

ನಗುತ್ತ, ಅಳುತ್ತ ತಂಗಿ ಎದೆಯ ತಳದಿಂದ ಕೆಮ್ಮಿದಳು.

ಅಕ್ಕ ಮೊಬೈಲಿನ ಹಾಡು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಕೆಮ್ಮೇ," ಎಂದಳು.