ಕೂತ ಏಂಜೆಲ್‌ಗೆ ಒಂದೇ ರೆಕ್ಕೆ

೧
ಎಲ್ಲಿಂದ ಶುರು ಮಾಡಲಿ? ಏಂಜೆಲ್‌ನಿಂದ? ಬೇಡ, ರೆಕ್ಕೆ ಕಂಡ ಕೂಡಲೇ ನೀವು ಕರಗಿಬಿಡುತ್ತೀರಿ. ನನಗೆ ಸಿಟ್ಟು ಬಂದಿದೆ. ನಿಮಗೂ ಬರಬೇಕು.

ಸರಿ, ಸಿಂಗಾಪುರದ ಸೆಂಗ್‌ಕಾಂಗ್‌ನಿಂದ. ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಕಲ್ಲುಮೇಜಿನ ಸುತ್ತ, ಕನ್ನಡ ಬಳಗದ ಸಂಚಿಕೆಯ ಮೀಟಿಂಗು. ಮುಖಪುಟಕ್ಕೆಂದು ಹದಿನಾರರ ಅಕ್ಷತಾ ಚಿತ್ರ ತಂದಿದ್ದಳು. ಜಪಾನಿ ಕಾಮಿಕ್ಸ್ ಶೈಲಿಯ ಏಂಜೆಲ್: ದೊಡ್ಡ ಕಣ್ಣು, ಒಂದೇ ರೆಕ್ಕೆ, ಅದಕ್ಕೂ ಬ್ಯಾಂಡೇಜು, ಹಣೆ ತುಂಬ ವಿಭೂತಿ. ಮುಖ ಅವಳ ಅಜ್ಜಿ ಅನ್ನಪೂರ್ಣವ್ವನದು. ಮಾರ್ಚ್‌ನಲ್ಲಿ ಇಲ್ಲೇ ತೀರಿಕೊಂಡವರು.

"ಏನಮ್ಮಾ, ಅಜ್ಜೀನ ಕ್ರಿಶ್ಚಿಯನ್ ಮಾಡ್ಬಿಟ್ಯಲ್ಲ!" ಅಧ್ಯಕ್ಷರಾದ ಪದ್ಮನಾಭ ನಕ್ಕರು.

"ಚರ್ಚ್ ಏಂಜೆಲ್ ಅಲ್ಲ ಲಾ, ಅಂಕಲ್. ಜಪಾನಲ್ಲಿ ಎಷ್ಟೋ ಆರ್ಟಿಸ್ಟ್ಸ್ ಗಾಡ್‌ನ ಬಿಟ್ಟು ರೆಕ್ಕೆ ಮಾತ್ರ ತಗೊಂಡ್ರು. ಈ ಏಂಜೆಲ್ಸ್ ಯಾರ ಮೆಸೇಜೂ ತರಲ್ಲ. ಮನೆಗೆ ಹೋಗೋಕಾಗ್ದೆ ಸಿಕ್ಕಾಕ್ಕೊಂಡವ್ರು."

"ಇನ್ನೊಂದು ರೆಕ್ಕೆ?"

"ಕಿತ್ತಿದಾರೆ. ಯಾರು ಅಂತ ಚಿತ್ರ ಹೇಳಲ್ಲ. ಕಿತ್ತೋರಿಗೆ ಗೊತ್ತಾಗುತ್ತೆ."

"ಭಲೇ! ಇದೇ ಇರ್ಲಿ ಬಿಡು."

[ಪದ್ಮನಾಭರನ್ನು ಖಳನಾಯಕನನ್ನಾಗಿ ಮಾಡಲು ಎಲ್ಲ ತಯಾರಿ ನಡೆಸಿದ್ದೆ. ಮನುಷ್ಯ ಒಪ್ಪಿಯೇಬಿಟ್ಟರು. ಮೊದಲ ಡ್ರಾಫ್ಟು ಕಸದ ಬುಟ್ಟಿಗೆ.]

೨
ಬೇಡ ಎಂದವನು ಅಕ್ಷತಾಳ ಅಪ್ಪ, ಶಿವಯೋಗೀಶ.

"ನಿಂತಿರೋ ಹಾಗೆ ಚೇಂಜ್ ಮಾಡು. ಏಂಜೆಲ್ ಯಾರಾದ್ರೂ ಚಕ್ಕಳಮಕ್ಕಳ ಹಾಕ್ಕೊಂಡು ಕೂರ್ತಾರಾ?"

"ಅಜ್ಜಿ ಕೂರ್ಬೇಕಿತ್ತು. ನೀವು ಕೂರಿಸ್ಲಿಲ್ಲ."

ಪದ್ಮನಾಭರು ಕನ್ನಡಕ ಒರೆಸಿಕೊಂಡರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವರು ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. "ನನ್ನ ಮಲಗಸಬ್ಯಾಡೋ ಯಪ್ಪಾ" ಎಂದು ಅನ್ನಪೂರ್ಣವ್ವ ಆಸ್ಪತ್ರೆಯಲ್ಲಿ ಮಗನ ಕೈ ಹಿಡಿದು ಕೇಳಿಕೊಂಡಿದ್ದರು. ಕೇಳಿದ್ದು ಅದೊಂದೇ. ಸಿಂಗಾಪುರದಲ್ಲಿ ಅದೆಲ್ಲ ಆಗುವುದಿಲ್ಲ ಎಂದು ಮಗ ತಾನೇ ತೀರ್ಮಾನಿಸಿ, ಎರಡು ದಿನದ ರಜೆಯಲ್ಲಿ ಸುಟ್ಟು ಬಂದ. ಆಗುತ್ತದೋ ಇಲ್ಲವೋ ಎಂದು ಒಬ್ಬರನ್ನೂ ಕೇಳಲಿಲ್ಲ. ಒಂದು ಫೋನ್ ಮಾಡಲಿಲ್ಲ. ಕಾಂಡೋ ಫ್ಲ್ಯಾಟು ಹುಡುಕುವಾಗ ಹನ್ನೊಂದು ಏಜೆಂಟರಿಗೆ ಫೋನ್ ಮಾಡಿದವನು!

[ಇಂಥ ಕಡೆ ಕಥೆಗಾರರು ತಣ್ಣಗಿದ್ದು ಎರಡೂ ಕಡೆ ನೋಡಬೇಕಂತೆ. ತಣ್ಣಗಿರುವವರು ನೋಡಿಕೊಳ್ಳಲಿ.]

೩
ಮುಕ್ತಾಯ ಅ: ಅಕ್ಷತಾ ಅಜ್ಜಿಯನ್ನು ನಿಲ್ಲಿಸಿ ಬರೆಯುತ್ತಾಳೆ. ಅಪ್ಪ ಮಗಳು ಹಾಕರ್ ಸೆಂಟರಿಗೆ ಹೋಗಿ ದೋಸೆ ತಿನ್ನುತ್ತಾರೆ.

ಅವಳಿಗೆ ಓದಲು ಕೊಟ್ಟೆ. "ಆಂಟಿ, ಸೀರಿಯಸ್ಲಿ?" ಎಂದಳು. ಹರಿದೆ.

ಮುಕ್ತಾಯ ಆ: ಅನ್ನಪೂರ್ಣವ್ವ ಚಿತ್ರದಿಂದ ಎದ್ದು ಹಾರಿಹೋಗುತ್ತಾರೆ. ಒಂದೇ ರೆಕ್ಕೆಯಲ್ಲಿ? ನನಗೆ ನಾಚಿಕೆಯಾಗಬೇಕು.

೫
[ನಾಲ್ಕರಲ್ಲಿ ಬರೀ ಬೈಗುಳವಿತ್ತು.]

ನಿನ್ನೆ ಶಿವಯೋಗೀಶ ಮನೆಗೇ ಬಂದ.

"ಪದ್ಮಜಾ ಅವ್ರೇ, ನಮ್ದೇ ಕಥೆ ಬರೀತಿದೀರಂತೆ. ಒಂದ್ ಲೈನ್ ಆಡ್ ಮಾಡಿ, ಪ್ಲೀಸ್. ನಾನು ಫೋನ್ ಮಾಡಿ ಕೇಳ್ದೆ, ಆಗಲ್ಲ ಅಂದ್ರು ಅಂತ. ಹೇಗೂ ಫಿಕ್ಷನ್ ತಾನೆ?"

ಎಷ್ಟು ಸುಲಭ! ಒಂದು ಸಾಲು. ಎಂಟು ತಿಂಗಳಿಂದ ಅಪ್ಪನ ಜೊತೆ ಊಟಕ್ಕೆ ಕೂರದ ಹುಡುಗಿ ನನ್ನ ಕಥೆಯಲ್ಲಾದರೂ ಕೂರುತ್ತಾಳೆ. ನಿಮಗೂ ಅಚ್ಚುಕಟ್ಟಾದ ಅಂತ್ಯ ಸಿಗುತ್ತದೆ. ಬರೆಯುವುದಿಲ್ಲ, ಹೋಗಿ.

"ಈಗ ಕೇಳಿ" ಎಂದೆ. "ಯಾರನ್ನಾದ್ರೂ. ಇಲ್ಲೇ, ನನ್ ಮುಂದೆ."

"ಈಗ ಕೇಳಿ ಏನ್ ಯೂಸ್?"

"ಗೊತ್ತಿಲ್ಲ. ಕೇಳಿ."

ಅವನು ಫೋನ್ ತೆಗೆದ. ಸ್ಮಶಾನದ ಆಫೀಸಿನ ನಂಬರ್ ಹುಡುಕಿದ. ಸಿಕ್ಕಿತು. ಇಷ್ಟು ಬೇಗ ಸಿಗುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಬೆರಳು ಅಲ್ಲೇ ನಿಂತಿತು.

"ಆಗ್ತಿತ್ತು ಅಂದ್ಬಿಟ್ರೆ?"

ಓದುಗರೇ, ನನ್ನ ಮುಖ ನೋಡಬೇಡಿ. ಆ ಕಡೆಯವರು ಏನೆನ್ನುತ್ತಾರೆಂದು ನಾನು ಕಟ್ಟಿ ಹೇಳುವುದಿಲ್ಲ. ಅವನೇ ಒತ್ತಲಿ.