ಕಲ್ಲುಮನೆಯ ಕಿಂಡಿ

ಬಿದ್ದ ಕೋಟೆಯ ಹೆಬ್ಬಾಗಿಲಲ್ಲಿ ನಿಂತು ಬಸ್ ಡ್ರೈವರ್ ಮತ್ತೆ ಕೈಗಡಿಯಾರ ನೋಡಿಕೊಂಡ. ಜೊತೆಗೆ ಬಂದಿದ್ದ ದರ್ಜಿ ಹೆಂಗಸಿನ ಮುಖ ಸಪ್ಪಗಾಯಿತು. ಸಂಜೆ ಮನೆಗೆ ಕಾಲಿಟ್ಟ ಕೂಡಲೇ ಮಗಳು ಕೇಳುತ್ತಾಳೆ, ಈ ಮನುಷ್ಯನನ್ನು ಮದುವೆಯಾಗುತ್ತೀಯೋ ಇಲ್ಲವೋ ಎಂದು. ಮಗಳೇ ಹುಡುಕಿದ ಗಂಡು. ಹೆಂಡತಿ ತೀರಿಕೊಂಡವನು, ಈಕೆಯ ಹಾಗೇ ಐವತ್ತು ದಾಟಿದವನು. ಎಲ್ಲಿ ಭೇಟಿಯಾಗುವುದು ಅಂದಾಗ ಈಕೆಯೇ ಹೋಟೆಲು ಬೇಡ, ಹಳೇ ಕೋಟೆ, ಅದರಾಚೆಯ ಕಲ್ಲುಗೋರಿ ಎಂದುಬಿಟ್ಟಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಪ್ರಾಯ ಕಳೆದವಳಿಗೆ ಅದೊಂದು ಹುಚ್ಚು. ಮೊದಲ ಗಂಡ ಮುರುಕು ಕಲ್ಲು ನೋಡುವುದಕ್ಕೆ ಬಸ್ ಚಾರ್ಜು ಬೇರೆ ದಂಡವೇ ಎಂದು ಗೊಣಗುತ್ತಲೇ, ಒಮ್ಮೆಯೂ ಕರೆದೊಯ್ಯದೆ ಕಣ್ಣುಮುಚ್ಚಿದ್ದ.

ಕೋಟೆಯೊಳಗೆ ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಒಡೆದ ಕಮಾನು, ಹುಲ್ಲು ಬೆಳೆದ ಕುದುರೆ ಲಾಯ, ಸೂರಿಲ್ಲದ ಕಾವಲುಗೋಪುರ, ಒಂದನ್ನೂ ಬಿಡದೆ ಓಡಾಡಿದಳು. ಅವನು ಹಿಂದೆ ಹಿಂದೆ, ಗಡಿಯಾರ ನೋಡುತ್ತ. ಮಹಾರಾಯನಿಗೆ ಬೇಸರ ಬಂದಿದೆ, ಮುಗಿಯಿತು ಕಥೆ ಅಂದುಕೊಂಡಳು.

ಗುಡ್ಡದ ಹಿಂದೆ ಗೋರಿ ಸಿಕ್ಕಿತು. ಸುತ್ತ ನಾಲ್ಕು ಚಪ್ಪಡಿ, ಮೇಲೊಂದು ಹೊದಿಕೆಗಲ್ಲು. ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ರಾಜರು, ಕೋಟೆಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು ಯಾರೋ ಸತ್ತವರಿಗೆಂದು ಕಟ್ಟಿದ ಮನೆ. ಕಿಂಡಿಯನ್ನೂ ತನ್ನ ಭುಜವನ್ನೂ ಕಣ್ಣಲ್ಲೇ ಅಳೆದಳು. ಓರೆಯಾದರೆ ಹಿಡಿಸುತ್ತದೆ. ಚಪ್ಪಲಿ ಕಳಚಿಟ್ಟು ತಲೆ ತೂರಿಸಿದಳು.

ಒಳಗೆ ತಂಪಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಷ್ಟು ಸಂತೋಷ.

"ಬನ್ನಿ, ಇಬ್ರು ಆರಾಮಾಗಿ ಕೂರಬಹುದು" ಎಂದು ಕರೆದಳು.

ಅವನು ಹೊರಗಿನಿಂದಲೇ ಹೇಳಿದ: "ನಂಗೆ ಇಕ್ಕಟ್ಟು ಅಂದ್ರೆ ಆಗಲ್ಲ. ಲಿಫ್ಟೂ ಹತ್ತಲ್ಲ ನಾನು. ಏನೇನಿದೆ, ನೀವೇ ಹೇಳಿ."

ಕಲ್ಲಿದೆ, ಮಣ್ಣಿದೆ ಎಂದಳು. ಅವನಿಗೆ ಸಾಲಲಿಲ್ಲ. ಗೋಡೆ ನುಣುಪೋ, ತರಿತರಿಯೋ? ಬಿಸಿಲು ಎಲ್ಲಿಯವರೆಗೆ ಬರುತ್ತದೆ? ಮಾತಾಡಿದರೆ ಗುಂಯ್ ಅನ್ನುತ್ತದೆಯೇ? ಒಂದಕ್ಕೆ ಉತ್ತರ ಮುಗಿಯುವುದರೊಳಗೆ ಇನ್ನೊಂದು ಕೇಳುತ್ತಿದ್ದ. ದನಿ ಹತ್ತಿರವಾಗಿತ್ತು, ಮಂಡಿಯೂರಿ ಕೂತಿದ್ದಾನೆ.

"ನಿಮಗೆ ಬೇಜಾರು ಅಂದ್ಕೊಂಡೆ. ಆಗಿಂದ ಟೈಮ್ ನೋಡ್ತಾನೇ ಇದ್ರಲ್ಲ."

"ಬೇಜಾರಾ? ಇಷ್ಟು ವರ್ಷ ಇದೇ ದಾರೀಲಿ ಬಸ್ ಓಡಿಸಿದೀನಿ. ಜನ ಇಲ್ಲಿ ಇಳಿಯೋರು, ನಾನು ಹಾರ್ನ್ ಹೊಡೆದು ಮುಂದೆ ಹೋಗೋದು. ಇವತ್ತೇ ನಾನು ಇಳಿದಿದ್ದು. ಇಷ್ಟು ಬೇಗ ಹೊತ್ತು ಹೋಗ್ತಾ ಇದೆಯಲ್ಲಾ ಅಂತ ನೋಡ್ತಿದ್ದೆ."

ಅವಳಿಗೆ ನಗು ಬಂತು. ಕೈಯನ್ನಾದರೂ ಒಳಗೆ ಹಾಕಿ ಅಂದಳು.

ಕಿಂಡಿಗೆ ಅಡ್ಡವಾಗಿ ಭುಜದವರೆಗೂ ತೋಳು ಬಂತು, ಬೆಳಕು ಹೋಯಿತು. ಆ ಕೈ ಹಿಡಿದು, ಗೋಡೆಯಲ್ಲಿ ಹಿಂದೆ ಯಾರೋ ಕಲ್ಲು ಕೊರೆದಾಗ ಉಳಿದ ಗೀರುಗಳ ಮೇಲಿಟ್ಟಳು. ಬೆರಳುಗಳು ಮೆಲ್ಲಗೆ ಒಂದು ಗೀರಿನಿಂದ ಇನ್ನೊಂದಕ್ಕೆ ಹೋದವು.