ಎಂಟು ಪಟ್ಟಿನ ಸ್ಕೋಪ್

ಆ ಭಾನುವಾರ ಮಧ್ಯಾಹ್ನದ ಆಟದಲ್ಲಿ ಅತ್ತಿಗೆ ಹನ್ನೊಂದು ಗುಂಡು ಹಾರಿಸಿದಳು. ಒಂದು ನೀರಿನ ತೊಟ್ಟಿಗೆ ತಗುಲಿತು, ಒಂದು ಗೋಡೆಯ ಮೇಲಿನ ಬೋರ್ಡಿಗೆ. ಉಳಿದ ಒಂಬತ್ತು ಎಲ್ಲಿಗೆ ಹೋದವೆಂದು ಆ ಆಟವನ್ನು ಕಟ್ಟಿದವರಿಗೂ ಗೊತ್ತಿರಲಾರದು.

ಅಡುಗೆಮನೆಯಿಂದ ಗಂಡ ಕೇಳಿದ, "ಎಷ್ಟು ಜನ ಹೋದ್ರು ಇವತ್ತು?"

"ಹೋದೋಳು ನಾನೇ. ಏಳು ಸಲ."

"ಹೋದ ವಾರ ಒಂಬತ್ತಿತ್ತು. ಸುಧಾರಿಸ್ತಿದ್ದೀಯ ಬಿಡು," ಎಂದು ಅವನು ಮತ್ತೆ ಬೀನ್ಸ್ ಹೆಚ್ಚತೊಡಗಿದ.

ಅವಳಿಗೆ ನಗು ಬರಲಿಲ್ಲ. ಹೆಡ್‌ಫೋನಿನಲ್ಲಿ ಕ್ಯಾಪ್ಟನ್ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ವಾರವಿಡೀ ಲಿಫ್ಟ್ ರಿಪೇರಿ ಮಾಡುವ ಆತ ಏನಾದರೂ ಕಹಿ ಹೇಳುವ ಮೊದಲು ಹೀಗೆಯೇ ಎರಡು ಸಲ ಕೆಮ್ಮುತ್ತಿದ್ದ.

ಐದು ಜನರ ತಂಡ ಅದು. ಬೇರೆ ಬೇರೆ ಊರುಗಳಲ್ಲಿ ತಮ್ಮ ತಮ್ಮ ಮನೆಯಲ್ಲಿ ಕೂತು, ಪರದೆಯ ಮೇಲಿನ ಒಂದು ಹಳೇ ಕಾರ್ಖಾನೆಯ ಅಂಗಳದಲ್ಲಿ ಎದುರಿನ ಐದು ಜನರ ಜೊತೆ ಸೆಣಸುತ್ತಿದ್ದರು. ನಾಲ್ವರು ಗೇಟು ಹಿಡಿಯಲು ನುಗ್ಗಬೇಕು. ಒಬ್ಬರು ಎತ್ತರದ ಗೋಪುರ ಹತ್ತಿ, ಉದ್ದನೆಯ ಬಂದೂಕಿನಿಂದ ದೂರದ ಶತ್ರುಗಳನ್ನು ತಡೆಯಬೇಕು. ಆ ಒಬ್ಬರು ಅತ್ತಿಗೆ. ತಂಡದಲ್ಲಿ ಅವಳಿಗೆ ನಿಜವಾಗಿ ನಾದಿನಿಯಾಗಬೇಕಾದವಳು ಒಬ್ಬಳೇ. ಆದರೆ ಅವಳು ಅತ್ತಿಗೆ ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಕೇಳಿ ಕ್ಯಾಪ್ಟನ್ನಿಗೂ, ಸದಾ ಒಂದೇ ಉಸಿರಿನಲ್ಲಿ ಮಾತಾಡುವ ಅವಳಿ ಅಣ್ಣತಮ್ಮಂದಿರಿಗೂ ಅದೇ ಹೆಸರು ರೂಢಿಯಾಗಿಬಿಟ್ಟಿತ್ತು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ," ಎಂದ ಕ್ಯಾಪ್ಟನ್.

"ಮಾಡ್ಕೊಂಡಾಯ್ತು. ಮುಂದೆ ಹೇಳಿ."

"ಮುಂದಿನ ತಿಂಗಳು ಲೀಗ್ ಶುರು. ಐದೇ ಹೆಸರು ಕೊಡ್ಬೇಕು. ಆ ಬೇಕರಿಯವ್ನು ಸೇರ್ಕೋತೀನಿ ಅಂತಿದಾನೆ. ದೂರದ ಬಂದೂಕು ಅಂದ್ರೆ ಅವನಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇನ್ನೆರಡು ಭಾನುವಾರ ನೋಡೋಣ. ಆಮೇಲೆ..."

"ಆಮೇಲೆ ಏನಂತ ನಂಗೂ ಗೊತ್ತು."

"ಅತ್ತಿಗೇನ ತೆಗೆಯೋ ಮುಂಚೆ ಸಿಸ್ಟರ್‌ನ ನೋಡಿ ಕ್ಯಾಪ್ಟನ್," ಎಂದರು ಅವಳಿಗಳು. "ಆಸ್ಪತ್ರೇಲಿ ರೋಗಿಗಳನ್ನ ಮಲಗಿಸಿ, ಇಲ್ಲಿ ಬಂದು ತಾವು ಮಲಗ್ತಾರೆ. ಅಂಕ ಯಾವಾಗ್ಲೂ ಅವರದ್ದೇ ಕೊನೆ."

ನರ್ಸ್ ಆಗಿದ್ದ ನಾದಿನಿ ಸುಮ್ಮನೆ ನಕ್ಕಳು.

ಅತ್ತಿಗೆ ಮದುವೆಯಾಗಿ ಬಂದ ಮೇಲೆ ಆರು ವರ್ಷ ಇಬ್ಬರೂ ಒಂದೇ ಮನೆಯಲ್ಲಿದ್ದವರು. ಆ ಆರು ವರ್ಷದ ಮಾತನ್ನೆಲ್ಲ ಒಟ್ಟುಮಾಡಿದರೆ "ಊಟ ಆಯ್ತಾ?" ಮತ್ತು "ಆಯ್ತು" ಎಂಬುದರಲ್ಲಿ ಮುಗಿಯುತ್ತಿತ್ತು. ಜಗಳವೇನೂ ಇರಲಿಲ್ಲ. ಜಗಳವಾಡಿದ್ದರೆ ರಾಜಿಯಾದರೂ ಆಗುತ್ತಿತ್ತು. ಇಬ್ಬರೂ ಸಂಕೋಚದವರು, ಒಬ್ಬಳ ಸಂಕೋಚ ಇನ್ನೊಬ್ಬಳಿಗೆ ಜಂಬದಂತೆ ಕಾಣುತ್ತಿತ್ತು, ಅಷ್ಟೇ. ನಾದಿನಿಗೆ ಹತ್ತು ಗಂಟೆ ರೈಲು ಪ್ರಯಾಣದಷ್ಟು ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಹೋದಳು. ಎರಡು ವರ್ಷದ ಹಿಂದೆ ಒಂದು ದಿನ ತಂಡದಲ್ಲಿ ಒಬ್ಬರು ಕಡಿಮೆಯಾದರೆಂದು ಅವಳೇ ಫೋನ್ ಮಾಡಿ, "ಸುಮ್ನೆ ಲೆಕ್ಕಭರ್ತಿಗೆ ಬನ್ನಿ ಅತ್ತಿಗೆ," ಎಂದಿದ್ದಳು. ಬಂದ ಅತ್ತಿಗೆಗೆ ಒಂದು ವಿಚಿತ್ರ ತಿಳಿಯಿತು. ಆಟ ಶುರುವಾಗುವ ಮುಂಚೆ, ಎರಡು ಕಾಳಗಗಳ ನಡುವೆ, ಖಾಲಿ ಗೋದಾಮುಗಳಲ್ಲಿ ಜೊತೆಯಾಗಿ ನಡೆಯುವಾಗ ಮಾತು ತಾನಾಗಿ ಬರುತ್ತಿತ್ತು. ಹೊಸ ಬಾಣಂತಿಯೊಬ್ಬಳು ಮಗುವಿಗೆ ಹಾಲೂಡಿಸುವ ಮೊದಲೇ ಗಂಡನಿಗೆ ಡೈಪರ್ ಕಟ್ಟುವುದನ್ನು ಕಲಿಸಿದ್ದು, ವಾರ್ಡಿನ ಮುದುಕರೊಬ್ಬರು ಹಲ್ಲಿನ ಸೆಟ್ಟು ಕಳೆದುಕೊಂಡು ಪಕ್ಕದ ಹಾಸಿಗೆಯವರದ್ದನ್ನು ಹಾಕಿಕೊಂಡಿದ್ದು, ಎಲ್ಲವನ್ನೂ ನಾದಿನಿ ಹೇಳುತ್ತಿದ್ದಳು. ಎದುರಿಗೆ ಮುಖವಿಲ್ಲದಾಗ ಕೆಲವರಿಗೆ ಮಾತು ಸಲೀಸು.

ತಂಡದಿಂದ ಹೊರಗಾದರೆ ಬಂದೂಕು ಹೋಗುತ್ತದೆ, ಹೋಗಲಿ. ಭಾನುವಾರದ ಆ ಒಂದೂವರೆ ಗಂಟೆಯೂ ಹೋಗುತ್ತದೆ. ಫೋನ್ ಇದೆಯಲ್ಲ ಎನ್ನಬಹುದು. ಫೋನಿನಲ್ಲಿ ಇಬ್ಬರೂ ಮತ್ತೆ "ಊಟ ಆಯ್ತಾ"ಕ್ಕೇ ಬಂದು ನಿಲ್ಲುವವರು.

ಮಾರನೆಯ ದಿನದಿಂದ ಅತ್ತಿಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ ಅಭ್ಯಾಸದ ಮೈದಾನಕ್ಕೆ ಇಳಿದಳು. ಅಲ್ಲಿ ಮರದ ಬೊಂಬೆಗಳು ನಿಂತಿರುತ್ತವೆ, ಕೆಲವು ಹಳಿಯ ಮೇಲೆ ಓಡಾಡುತ್ತವೆ. ಗುಂಡು ನೇರವಾಗಿ ಹೋಗುತ್ತದೆಂದು ಅವಳು ಎರಡು ವರ್ಷ ನಂಬಿಕೊಂಡಿದ್ದಳು. ಹೋಗುವುದಿಲ್ಲ. ನೂರು ಹೆಜ್ಜೆಯಾಚೆಯ ಬೊಂಬೆಯ ಹಣೆಗೆ ಗುರಿಯಿಟ್ಟರೆ ಹಣೆಗೇ ಬೀಳುತ್ತದೆ. ಮುನ್ನೂರು ಹೆಜ್ಜೆಯಾಚೆಯದಕ್ಕೆ ಅದೇ ಗುರಿಯಿಟ್ಟರೆ ಎದೆಗೆ, ಇನ್ನೂ ದೂರವಾದರೆ ಮಂಡಿಗೆ. ಯಾರೋ ಎಸೆದ ಚೆಂಡಿನಂತೆ ಗುಂಡಿಗೂ ದಣಿವಾಗುತ್ತದೆ! ಇದು ಅವಳಿಗೆ ಎಷ್ಟು ಹಿಡಿಸಿತೆಂದರೆ, ಹೊಡೆಯುವುದನ್ನೇ ಮರೆತು ಯಾವ ದೂರಕ್ಕೆ ಎಷ್ಟು ಇಳಿಯುತ್ತದೆಂದು ನೋಡುತ್ತ ಕೂತು, ಎರಡು ದಿನ ಕೆಲಸಕ್ಕೆ ತಡವಾಗಿ ಹೋದಳು. ಓಡುವ ಬೊಂಬೆಗೆ ಅದು ಇರುವ ಕಡೆಯಲ್ಲ, ಇನ್ನು ಬರಲಿರುವ ಕಡೆ ಹೊಡೆಯಬೇಕು. ಎಷ್ಟು ಮುಂದೆ? ಮುನ್ನೂರು ಹೆಜ್ಜೆ ದೂರಕ್ಕೆ ಎರಡು ಮೈಯಗಲ. ಶುಕ್ರವಾರದ ಹೊತ್ತಿಗೆ ಹತ್ತರಲ್ಲಿ ಎಂಟು ಬೀಳುತ್ತಿದ್ದವು.

ಭಾನುವಾರ ಮನುಷ್ಯರೆದುರು ಬಿದ್ದದ್ದು ಎರಡೇ. ಅವಳು ಸತ್ತದ್ದು ಎಂಟು ಸಲ. ಪ್ರತಿ ಸಲವೂ ಯಾರೋ ಬೆನ್ನ ಹಿಂದೆ ಬಂದು ಮುಗಿಸಿದ್ದರು.

ನಾಚಿಕೆಯನ್ನು ಪಕ್ಕಕ್ಕಿಟ್ಟು ಅವಳು ಒಂದು ಕೆಲಸ ಮಾಡಿದಳು. ತನ್ನ ಜಾಗಕ್ಕೆ ಬರಲಿದ್ದ ಬೇಕರಿಯವನಿಗೇ ಬರೆದಳು: ನೀವು ಹೇಗೆ ಹೊಡೆಯುತ್ತೀರಿ? ಸ್ವಲ್ಪ ಹೊತ್ತಿನಲ್ಲೇ ದನಿಯ ಉತ್ತರ ಬಂತು, ಹಿಂದೆ ಟ್ರೇಗಳು ತಾಗುವ ಸದ್ದು.

"ಅಕ್ಕಾ, ಜನ ಓಡೋದನ್ನ ನೋಡ್ಬೇಡಿ, ನಿಲ್ಲೋದನ್ನ ನೋಡಿ. ಯಾರೇ ಆಗ್ಲಿ, ಗೋಡೆ ಮೂಲೆ ತಿರುಗಿದ ಕೂಡ್ಲೇ ಅರೆ ಕ್ಷಣ ನಿಲ್ತಾರೆ. ನಿಮ್ಮ ಗುರಿ ಅಲ್ಲಿ ಮೊದ್ಲೇ ಹೋಗಿ ಕೂತಿರ್ಬೇಕು. ಆಮೇಲೆ ಒಂದ್ಸಲ ನಿಮ್ಮ ಆಟದ ರೆಕಾರ್ಡಿಂಗ್ ಮೇಲಿಂದ ನೋಡಿ. ನಾನ್ ಹೇಳಿದೆ ಅಂತ ಕ್ಯಾಪ್ಟನ್‌ಗೆ ಗೊತ್ತಾಗೋದು ಬೇಡ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡ ಹಾಗೆ."

ಅಷ್ಟು ಹೇಳಿ, ಒಲೆ ನೋಡಬೇಕೆಂದು ಓಡಿಹೋದ. ಕಾಣದ ಆ ಹುಡುಗನ ಮೇಲೆ ಅತ್ತಿಗೆಗೆ ಅಕ್ಕರೆ ಹುಟ್ಟಿತು. ಇವನ ಜಾಗದಲ್ಲಿ ತಾನಿದ್ದರೆ ಇಷ್ಟು ಬಿಚ್ಚಿ ಹೇಳುತ್ತಿದ್ದೆನೇ ಎಂದು ಯೋಚಿಸಿದಳು. ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ.

ರೆಕಾರ್ಡಿಂಗ್ ಕೇಳಿದ್ದಕ್ಕೆ ಕ್ಯಾಪ್ಟನ್ ಕೂಡಲೇ ಕಳಿಸಿದ. ಯಾವ ಯಾವ ನಿಮಿಷದಲ್ಲಿ ಏನು ನೋಡಬೇಕೆಂದು ಪಟ್ಟಿ ಮಾಡಿ, ಕೊನೆಗೆ "ಧೈರ್ಯವಾಗಿ ನೋಡಿ" ಎಂದು ಸೇರಿಸಿದ್ದ. ಮೇಲಿನಿಂದ ನೋಡಿದರೆ ಕಾರ್ಖಾನೆಯ ಅಂಗಳ ಒಂದು ತಟ್ಟೆಯಷ್ಟು. ಗೋಪುರದ ತುದಿಯಲ್ಲಿ ಹಳದಿ ಚುಕ್ಕಿ, ಅದು ಅವಳು. ಗೇಟಿನ ಹತ್ತಿರ ಮೂರು ಹಸಿರು ಚುಕ್ಕಿ. ಮೂರೇ ಏಕೆ? ನಾಲ್ಕನೆಯದನ್ನು ಹುಡುಕಿದಳು. ಅದು ಗೋಪುರದ ಮೆಟ್ಟಿಲ ಬುಡದಲ್ಲಿ ಅಲುಗಾಡದೆ ನಿಂತಿತ್ತು.

ಕ್ಯಾಪ್ಟನ್ ಬರೆದ ನಿಮಿಷಗಳನ್ನು ಬಿಟ್ಟು ಅವಳು ಆ ಒಂದೇ ಚುಕ್ಕಿಯನ್ನು ನೋಡಿದಳು. ಶತ್ರು ಗೋಪುರದ ಕಡೆ ಬಂದಾಗಲೆಲ್ಲ ಅದು ಅಡ್ಡ ಹೋಗುತ್ತಿತ್ತು. ಒಬ್ಬನನ್ನು ತಡೆಯುತ್ತಿತ್ತು, ಇಬ್ಬರು ಬಂದರೆ ಸಾಯುತ್ತಿತ್ತು. ಅದು ಸತ್ತ ಮೇಲಷ್ಟೇ ಅವರು ಮೇಲೆ ಹತ್ತಿ ಅವಳನ್ನು ಮುಗಿಸುತ್ತಿದ್ದರು. ಮತ್ತೆ ಜೀವ ಬಂದ ಕೂಡಲೇ ಆ ಚುಕ್ಕಿ ಗೇಟಿನ ಕಡೆ ತಿರುಗಿಯೂ ನೋಡದೆ ನೇರ ಮೆಟ್ಟಿಲಿಗೆ. ಹಿಂದಿನ ತಿಂಗಳ ಆಟ ತೆರೆದಳು. ಅಲ್ಲೂ ಹಾಗೆಯೇ.

ಚುಕ್ಕಿಯ ಪಕ್ಕದಲ್ಲಿ ನಾದಿನಿಯ ಹೆಸರಿತ್ತು. ಅವಳ ಅಂಕ ಸದಾ ಕೊನೆಗಿರುವುದು ಏಕೆಂದು ಈಗ ಗೊತ್ತಾಯಿತು. ನಾಲ್ವರು ನುಗ್ಗಬೇಕಾದ ಕಡೆ ಮೂವರೇ ನುಗ್ಗುತ್ತಿದ್ದುದೂ ಗೊತ್ತಾಯಿತು. ಅವಳಿಗಳು ಗೇಲಿ ಮಾಡಿದಾಗ ಈ ಹುಡುಗಿ ಒಂದು ಮಾತಾದರೂ ಆಡಬಾರದಿತ್ತೇ?

ಆದರೆ ಒಂದು ಪ್ರಶ್ನೆ ಉಳಿಯಿತು. ಶತ್ರುಗಳು ಬಟ್ಟಬಯಲು ದಾಟಿಕೊಂಡೇ ಮೆಟ್ಟಿಲಿಗೆ ಬರುತ್ತಾರೆ. ಎತ್ತರದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳಿಗೆ ಅವರು ಕಾಣುವುದಿಲ್ಲ ಏಕೆ?

ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜನ್ನು ಫ್ರೇಮಿನ ಅಳತೆಗೆ ಸಾಣೆ ಹಿಡಿಯುವುದು, ಆಮೇಲೆ ಭೂತಗನ್ನಡಿಯಲ್ಲಿ ಗೀರು ಹುಡುಕುವುದು. ಬುಧವಾರ ಮುಂದಿನ ಕೌಂಟರಿನವಳು ಊಟಕ್ಕೆ ಹೋಗಿದ್ದಾಗ ಒಬ್ಬ ನಿವೃತ್ತ ರೈಲು ಗಾರ್ಡ್ ಕುಂಟುತ್ತ ಬಂದರು. ಮಂಡಿ ತರಚಿತ್ತು.

"ಏನಮ್ಮಾ, ನಿಮ್ಮ ಕನ್ನಡಕದಲ್ಲಿ ಪೇಪರಿನ ಅಕ್ಷರ ಕಡ್ಲೆಕಾಳಿನಷ್ಟು ಕಾಣುತ್ತೆ, ಸಂತೋಷ. ನಮ್ಮನೆ ಮೆಟ್ಟಿಲು ಮಾತ್ರ ಎಲ್ಲಿ ಹೋಯ್ತು?"

"ಓದೋ ಕನ್ನಡಕ ಹಾಕ್ಕೊಂಡೇ ನಡೆದ್ರಾ ಸರ್?"

"ಮತ್ತೆ? ಅದ್ರಲ್ಲೇ ಅಲ್ವೇ ದೊಡ್ಡದಾಗಿ ಕಾಣೋದು!"

"ದೊಡ್ಡದಾಗಿ ಕಾಣೋದು ಬೇರೆ ಸರ್, ದಾರಿ ಕಾಣೋದು ಬೇರೆ," ಎನ್ನುತ್ತ ಅವಳು ಪೆಟ್ಟಿಗೆಯಿಂದ ಬ್ಯಾಂಡೇಜು ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು.

"ಏನಾಯ್ತಮ್ಮಾ?"

"ಏನಿಲ್ಲ ಸರ್. ನಾನೂ ಹಾಗೇ ಬೀಳ್ತಿದ್ದೆ."

ಬಂದೂಕಿನ ಮೇಲೆ ಕೂರಿಸಲು ಆಟದಲ್ಲಿ ದೂರದ್ದನ್ನು ದೊಡ್ಡದಾಗಿ ತೋರಿಸುವ ಮೂರು ಬಗೆಯ ಸ್ಕೋಪ್ ಇದ್ದವು: ಮೂರು ಪಟ್ಟು, ಐದು ಪಟ್ಟು, ಎಂಟು ಪಟ್ಟು. ಮೊದಲ ದಿನವೇ ಅವಳು ಎಂಟರದ್ದನ್ನು ಆರಿಸಿಕೊಂಡವಳು ಮತ್ತೆ ಬದಲಿಸಿರಲಿಲ್ಲ. ದಿನವಿಡೀ ಗೀರು ಹುಡುಕುವ ಕಣ್ಣು ಅದು. ಗಾಜು ಹೆಚ್ಚು ದೊಡ್ಡದು ಮಾಡಿದಷ್ಟೂ ಒಳ್ಳೆಯದೆಂಬುದು ಅದಕ್ಕೆ ರಕ್ತಗತ. ಎಂಟು ಪಟ್ಟಿನಲ್ಲಿ ಶತ್ರುವಿನ ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು. ಅವನ ಪಕ್ಕದಲ್ಲಿ ಓಡುತ್ತಿದ್ದ ಇನ್ನಿಬ್ಬರು ಕಾಣುತ್ತಿರಲಿಲ್ಲ.

ಉಳಿದ ಮೂರು ಬೆಳಿಗ್ಗೆ ಅವಳು ಮೂರು ಪಟ್ಟಿನದರಲ್ಲಿ ಅಭ್ಯಾಸ ಮಾಡಿದಳು. ಮೊದಲು ಬೊಂಬೆಗಳು ಇರುವೆಯಂತೆ ಕಂಡು ಸಿಟ್ಟು ಬಂತು. ಹತ್ತರಲ್ಲಿ ಎಂಟು ಬೀಳುತ್ತಿದ್ದದ್ದು ಮೂರಕ್ಕೆ ಇಳಿಯಿತು. ಶನಿವಾರ ಆರಕ್ಕೆ ಏರಿತು. ಅಷ್ಟರಲ್ಲಿ ದಿನಗಳು ಮುಗಿದಿದ್ದವು.

ಭಾನುವಾರ ಮೂರು ಗಂಟೆಗೆ ಎಲ್ಲರೂ ಕೂಡಿದಾಗ ಅವಳು ಮೊದಲು ನಾದಿನಿಗೆ ಹೇಳಿದಳು, "ನೀನಿವತ್ತು ಗೇಟಿಗೆ ಹೋಗು."

"ಇಲ್ಲೇ ಸುತ್ತಮುತ್ತ ಇರ್ತೀನಿ ಅತ್ತಿಗೆ."

"ಸುತ್ತಮುತ್ತ ಅಂದ್ರೆ ಮೆಟ್ಟಿಲ ಹತ್ರ ತಾನೇ? ಬೇಡ ಕಣೇ. ಹೋಗು."

ಅವಳಿಗಳು ಸುಮ್ಮನಾದರು, ಅದೇ ಒಂದು ದಾಖಲೆ.

"ಮೇಲೆ ಬಂದ್ರೆ?" ಎಂದಳು ನಾದಿನಿ.

"ಬರೋದು ನನಗೆ ಕಾಣುತ್ತೆ."

ಕಂಡಿತು. ಇಡೀ ಅಂಗಳವೇ ಕಣ್ಣೊಳಗೆ ಕೂತ ಹಾಗಿತ್ತು. ಎಡಗಡೆ ಡ್ರಮ್ಮುಗಳ ಹಿಂದೆ ಇಬ್ಬರು, ಬಲಗಡೆ ಲಾರಿಯ ಕೆಳಗೆ ಒಬ್ಬ. "ಡ್ರಮ್ ಹಿಂದೆ ಇಬ್ರು, ನೋಡ್ಕೊಳ್ಳಿ," ಎಂದಳು. ಅವಳಿಗಳು ಅತ್ತ ತಿರುಗಿ ಮುಗಿಸಿದರು. ಅತ್ತಿಗೆಯ ಗುರಿ ಗೋಪುರದತ್ತ ಓಡಿ ಬಂದವನ ಬೆನ್ನು ಹತ್ತಲಿಲ್ಲ. ಅವನು ಗೋಡೆಯ ಮೂಲೆ ತಿರುಗಿ ನಿಲ್ಲುವ ಜಾಗದಲ್ಲಿ ಗುರಿಯನ್ನು ಮೊದಲೇ ಕೂರಿಸಿ, ದೂರಕ್ಕೆ ತಕ್ಕಷ್ಟು ಮೇಲೆತ್ತಿ ಕಾದಳು. ನಿಂತ. ಬಿದ್ದ. "ಅಯ್ಯೋ ಪಾಪ," ಎಂದು ಅವಳ ಬಾಯಿಂದ ತಾನಾಗಿ ಬಂತು, ಹೆಡ್‌ಫೋನಿನಲ್ಲಿ ನಾಲ್ವರೂ ನಕ್ಕರು.

ಗುಂಡುಗಳೇನೂ ಎಲ್ಲ ತಗುಲಲಿಲ್ಲ. ಹದಿನಾಲ್ಕರಲ್ಲಿ ಆರು. ಎರಡು ಸಲ ಸತ್ತಳು. ಎದುರಿನವರು ವರ್ಷಗಟ್ಟಲೆ ಆಡಿದ ನುರಿತವರು, ಕೊನೆಗೆ ಒಂದು ಅಂಕದಲ್ಲಿ ಅವರೇ ಗೆದ್ದರು. ಆದರೆ ನಾಲ್ವರು ಒಟ್ಟಿಗೆ ನುಗ್ಗಿ ಗೇಟು ಹಿಡಿದು ಮೂರು ನಿಮಿಷ ಉಳಿಸಿಕೊಂಡದ್ದು ಆ ತಂಡಕ್ಕೆ ಇದೇ ಮೊದಲು. ಅಂಕಪಟ್ಟಿಯಲ್ಲಿ ನಾದಿನಿಯ ಹೆಸರು ಎಲ್ಲಕ್ಕಿಂತ ಮೇಲಿತ್ತು.

"ಸಿಸ್ಟರ್ ಎದ್ದುಬಿಟ್ರು!" ಎಂದು ಅವಳಿಗಳು ಕೂಗಿದರು.

ಕ್ಯಾಪ್ಟನ್ ಕೆಮ್ಮಿದ. ಒಂದೇ ಸಲ. ಎರಡನೆಯದಕ್ಕೆ ಅತ್ತಿಗೆ ಕಾದಳು. ಬರಲಿಲ್ಲ.

"ಲೀಗ್ ಅರ್ಜಿ ತುಂಬ್ತಾ ಇದೀನಿ," ಎಂದ. "ಅತ್ತಿಗೆ, ನಿಮ್ಮ ಪೂರ್ತಿ ಹೆಸರು ಏನು? ಎರಡು ವರ್ಷ ಆಯ್ತು, ಕೇಳೇ ಇಲ್ಲ ನೋಡಿ."

ನಾದಿನಿ ನಡುವೆ ಬಾಯಿ ಹಾಕಿದಳು, "ಅತ್ತಿಗೆ ಅಂತ್ಲೇ ಬರೀರಿ ಕ್ಯಾಪ್ಟನ್. ಎದುರಿನವ್ರೂ ಮರ್ಯಾದೆ ಕೊಟ್ಟು ಹೊಡೀಲಿ."

"ಒಬ್ಬರನ್ನ ಹೆಚ್ಚುವರಿ ಅಂತ ಬರೀಬಹುದಾ?" ಎಂದು ಅತ್ತಿಗೆ ಕೇಳಿದಳು. "ಬೇಕರಿಯವರದ್ದು ಬರ್ಕೊಳ್ಳಿ. ತುಂಬಾ ಒಳ್ಳೆ ಹುಡುಗ."

"ನಿಮಗೆ ಹೇಗೆ ಗೊತ್ತು?"

"ಹೇಳಬಾರ್ದು ಅಂತ ಆಣೆ ಇದೆ."

ಕ್ಯಾಪ್ಟನ್ ಮತ್ತು ಅವಳಿಗಳು ಹೊರಟ ಮೇಲೂ ನಾದಿನಿ ಲೈನಿನಲ್ಲಿ ಉಳಿದಳು. ಅತ್ತಿಗೆ ಕಿವಿ ಬೆವರಿತೆಂದು ಹೆಡ್‌ಫೋನ್ ತೆಗೆದು ದನಿಯನ್ನು ಸ್ಪೀಕರಿಗೆ ಹಾಕಿದಳು.

"ಮೆಟ್ಟಿಲ ವಿಷಯ ಯಾವಾಗ ಗೊತ್ತಾಯ್ತು ಅತ್ತಿಗೆ?"

"ಹೋದ ವಾರ. ಎರಡು ವರ್ಷ ನನ್ನ ಕಾಲ ಬುಡದಲ್ಲಿ ನಿಂತಿದ್ದೀಯ, ನನಗೆ ಕಂಡಿಲ್ಲ ನೋಡು. ಹೇಳಬಾರ್ದಿತ್ತಾ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ."

ಅದು ನಿಜ. ಅತ್ತಿಗೆ ಕೇಳಿದಳು, "ಈ ಮನೇಲಿ ಆರು ವರ್ಷ ಇದ್ಯಲ್ಲ, ಆಗ ಇನ್ನೇನೇನು ಮಾಡಿದೀಯೇ ನನಗೆ ಕಾಣದೆ?"

ನಾದಿನಿ ನಕ್ಕಳು. "ನಿಮ್ಮ ಸ್ಕೂಟರ್ ಟೈರಿಗೆ ವಾರ ವಾರ ಗಾಳಿ ಯಾರು ಹಿಡಿಸ್ತಿದ್ರು ಅನ್ಕೊಂಡಿದ್ರಿ?"

"ನಿಮ್ಮಣ್ಣ."

"ಅಣ್ಣನಾ! ಟೈರು ದುಂಡಗಿದೆ ಅನ್ನೋದಾದ್ರೂ ಗೊತ್ತಾ ಅವನಿಗೆ?"

"ಕೇಳಿಸ್ತಾ ಇದೆ," ಎಂದಿತು ಅಡುಗೆಮನೆ.

ಅತ್ತಿಗೆ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಳು.

"ಅವರು ಹಾಗೇ, ಬಿಡು. ಇನ್ನೇನು ಮಾಡಿದ್ದೆ, ಹೇಳು."